ಗುದ್ದಾಟದ ಕಾರಿನ ಸಿದ್ಧತೆ
ಅಮೆರಿಕದ ಗ್ರಾಮಾಂತರ ಜಾತ್ರೆಗಳಲ್ಲಿ ಹಳೆಯ ಕಾರುಗಳನ್ನು ಪರಸ್ಪರ ಗುದ್ದಿಸುವ ‘ಡೆಮಾಲಿಷನ್ ಡರ್ಬಿ’ ಎಂಬ ಪಂದ್ಯವುಂಟು. ಕೊನೆಯವರೆಗೆ ಚಲಿಸಬಲ್ಲ ಕಾರಿಗೆ ಗೆಲುವು. ನೋಡುವವರಿಗೆ ಅದು ಹುಚ್ಚಾಟ. ಸಿದ್ಧತೆಯಲ್ಲಿ ಮಾತ್ರ ಹುಚ್ಚಿಗೆ ಎಡೆಯಿಲ್ಲ. ಗಾಜುಗಳನ್ನು ಒಡೆದರೆ ಸಾಲದು, ಚೂರುಗಳನ್ನೂ ಗುಡಿಸಿ ತೆಗೆಯಬೇಕು. ಬಾಗಿಲುಗಳನ್ನು ಸರಪಳಿಯಿಂದ ಬಿಗಿಯಬೇಕು, ಇಲ್ಲವೇ ಬೆಸೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪೆಟ್ರೋಲ್ ಟ್ಯಾಂಕು. ಮುಂಭಾಗದ ರೇಡಿಯೇಟರನ್ನು ಉಳಿಸಿಕೊಳ್ಳಲು ಚಾಲಕರು ಬಹುಮಟ್ಟಿಗೆ ಹಿಮ್ಮುಖವಾಗಿಯೇ ಗುದ್ದುತ್ತಾರೆ. ಕಾರ್ಖಾನೆಯವರು ಟ್ಯಾಂಕನ್ನು ಇಟ್ಟಿರುವುದೂ ಹಿಂಭಾಗದಲ್ಲೇ. ಆದ್ದರಿಂದ ಅದನ್ನು ಕಿತ್ತು, ಕೆಲವೇ ಲೀಟರ್ ಹಿಡಿಯುವ ಚಿಕ್ಕ ಟ್ಯಾಂಕೊಂದನ್ನು ಹಿಂದಿನ ಸೀಟಿದ್ದ ಜಾಗದಲ್ಲಿ ಭದ್ರವಾಗಿ ಕಟ್ಟುತ್ತಾರೆ. ಬೆಂಕಿ ಚಾಲಕನ ಬೆನ್ನಿಗೇ ಸಮೀಪವಾಯಿತಲ್ಲ ಎನ್ನಿಸಬಹುದು. ಏಟು ತಾಗುವ ಕಡೆಗಿಂತ ಅದೇ ಲೇಸು. ಬಾನೆಟ್ಟಿಗೆ ಕೊರೆಯುವ ರಂಧ್ರ ಬೆಂಕಿ ನಂದಿಸುವವರಿಗಾಗಿ. ಇಷ್ಟಾದ ಮೇಲೂ, ಚಾಲಕನ ಬಾಗಿಲಿಗೆ ಬೇಕೆಂದೇ ಗುದ್ದಿದವನು ಆಟದಿಂದ ಹೊರಗೆ.