ಒಂದು ಮೂಟೆ ಮೆಣಸು

ಸಕಲೇಶಪುರ, ಆಲೂರಿನ ತೋಟಗಳಲ್ಲಿ ಕೊಯ್ಲು ಮುಗಿದರೆ ಕಣದ ಕಾಳುಮೆಣಸಿಗೆ ರಾತ್ರಿಯೆಲ್ಲ ಕಾವಲು ಕೂರಬೇಕು. ಒಣಗಿದ ಒಂದು ಮೂಟೆ ಹೊತ್ತೊಯ್ದರೆ ಕಳ್ಳನಿಗೆ ಹತ್ತಾರು ಸಾವಿರ. ನಮ್ಮ ಕಣದಿಂದಲೂ ಹೋಯಿತು. ಠಾಣೆಯಲ್ಲಿ, "ಬರ್ಕೊಳ್ಳೋಣ ಅಮ್ಮ, ಮೊದಲು ಜೀಪಿಗೆ ಡೀಸೆಲ್ ಹಾಕಿಸಿ" ಎಂದರು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕೆಂಬುದು ಕಾನೂನು. ಕೇಳಿದ್ದಕ್ಕೆ ನಕ್ಕರು. ಕಳ್ಳನಾದರೂ ಕತ್ತಲಲ್ಲಿ ಬಂದಿದ್ದ!

"ಲೋಕಾಯುಕ್ತಕ್ಕೆ ಕೊಡು" ಎಂದರು ಪಕ್ಕದ ತೋಟದ ಅಕ್ಕ. ಲಂಚದ ದೂರು ತನಿಖೆ ಮಾಡುವ ಅಧಿಕಾರವನ್ನು 2016ರಲ್ಲಿ ಸರ್ಕಾರವೇ ಲೋಕಾಯುಕ್ತದಿಂದ ಕಿತ್ತು, ಮುಖ್ಯಮಂತ್ರಿಯ ಕೈಕೆಳಗಿನ ಎಸಿಬಿಗೆ ಕೊಟ್ಟಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿ ಅದನ್ನು ಮರಳಿಸಿತು. ಬೇಲಿಗೇ ಕಾವಲು ಬೇಕಾದ ಕಾಲ ನೋಡಿ.

ನಮ್ಮ ಮನೆಯವರಿಗೆ ಅಳುಕು. "ಇನ್ನೊಂದು ಮೂಟೆ ಹೋದರೆ ಅದೇ ಠಾಣೆಗೇ ಹೋಗಬೇಕು ಕಣೇ" ಎನ್ನುತ್ತಾರೆ. ಮಾತು ನಿಜ. ಅರ್ಜಿಯನ್ನಂತೂ ಬರೆದಿಟ್ಟಿದ್ದೇನೆ, ಸೋಮವಾರ ಹಾಸನದ ಬಸ್ಸು ಹತ್ತುತ್ತೇನೆ.