ನೀರಿನಲ್ಲಿ ಕಾಣುವ ಬಣ್ಣ

ಅಲಂಕಾರಶಾಸ್ತ್ರವನ್ನು ಪಾಠ ಹೇಳುವಾಗ ಮೀಲಿತ, ತದ್ಗುಣ, ಅತದ್ಗುಣಗಳೆಂಬ ಮೂರನ್ನು ನಾನು ಬಹುಕಾಲ ಅವಸರದಿಂದಲೇ ಮುಗಿಸುತ್ತಿದ್ದೆನು. ಗುಣಸಾಮ್ಯದಿಂದ ಒಂದು ವಸ್ತು ಇನ್ನೊಂದರಲ್ಲಿ ಬೆರೆತು ಬೇರೆಯಾಗಿ ತೋರದಿದ್ದರೆ ಮೀಲಿತ; ತನ್ನ ಬಣ್ಣವನ್ನು ಬಿಟ್ಟು ನೆರೆಯ ವಸ್ತುವಿನ ಬಣ್ಣವನ್ನು ತಾಳಿದರೆ ತದ್ಗುಣ; ನೆರೆಯಲ್ಲಿದ್ದೂ ತನ್ನ ಬಣ್ಣವನ್ನು ಬಿಡದಿದ್ದರೆ ಅತದ್ಗುಣ. ಅಪ್ಪಯ್ಯ ದೀಕ್ಷಿತರ ‘ಕುವಲಯಾನಂದ’ದ ಕ್ರಮದಲ್ಲಿ ಗುರುಗಳಿಂದ ಕೇಳಿದುದನ್ನು ಹಾಗೆಯೇ ಶಿಷ್ಯರಿಗೆ ಒಪ್ಪಿಸಿ ಕೃತಾರ್ಥನಾಗುತ್ತಿದ್ದೆನು. ಈ ಲಕ್ಷಣಗಳಿಗೂ ಒಬ್ಬ ಬಾಲಕನ ಪ್ರಾಣಕ್ಕೂ ಸಂಬಂಧವುಂಟೆಂಬುದನ್ನು ನನಗೆ ಕಲಿಸಿದವಳು ತುಂಗಭದ್ರೆ.

ವಿಜಯದಾಸರ ಜನ್ಮಸ್ಥಳವೆಂದು ನಾಡಿಗೆ ಪರಿಚಿತವಾದ ಚೀಕಲಪರ್ವಿ ಹೊಳೆಯ ದಂಡೆಯ ಊರು. ಹೊಸಪೇಟೆಯ ಜಲಾಶಯದ ಬಾಗಿಲುಗಳು ತೆರೆದವೆಂದರೆ ಇಲ್ಲಿ ನೀರಿನ ಮಟ್ಟದೊಡನೆ ಬಣ್ಣವೂ ಬದಲಾಗುತ್ತದೆ. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಶ್ರಾವಣದ ಒಂದು ಸೋಮವಾರ ಪ್ರಸಾದನಿಲಯದ ಹುಡುಗರನ್ನು ಸ್ನಾನಕ್ಕೆಂದು ಹೊಳೆಗೆ ಕರೆದೊಯ್ದಿದ್ದೆನು. ಎಲ್ಲರೂ ಖಾಕಿ ಚಡ್ಡಿಯಲ್ಲಿದ್ದರು. ಒಬ್ಬನು ಮಾತ್ರ ಕಣ್ಣು ಕುಕ್ಕುವ ಹಳದಿ ವಸ್ತ್ರವನ್ನು ಮೈಗೆ ಸುತ್ತಿ ಬಿಗಿದಿದ್ದನು. “ಇದೇನೋ ಸೋಗಿನವರ ವೇಷ? ತೆಗೆ ಅದನ್ನ” ಎಂದು ಗದರಿದೆನು. “ಅವ್ವ ಕೊಟ್ಟಾಳ್ರೀ ಸರ” ಎಂದು ಹುಡುಗ ನೀರಿಗಿಳಿದೇಬಿಟ್ಟನು. ಕೆಲವು ನಿಮಿಷಗಳಲ್ಲಿ ಅವನೇ ಕಾಲು ಜಾರಿ ಸೆಳವಿಗೆ ಸಿಕ್ಕನು. ನಾವು ದಡದಲ್ಲಿ ಕೂಗಾಡುತ್ತಿರಲು ಅಂಬಿಗನೊಬ್ಬನು ಹರಿಗೋಲನ್ನು ನೂಕುತ್ತ ಕೇಳಿದ ಮೊದಲ ಪ್ರಶ್ನೆ, “ಯಾವ ಬಣ್ಣದ ಅರಿವಿ ಐತ್ರೀ ಮೈಮ್ಯಾಲ?” ಎಂಬುದು. “ಹಳದಿ” ಎಂದೆನು. ದೂರದ ತಿರುವಿನಲ್ಲಿ ಮುಳುಗಿ ಏಳುತ್ತಿದ್ದ ಆ ಹಳದಿಯ ಗುರುತು ಹಿಡಿದು ಅವನು ಹುಡುಗನನ್ನು ಎತ್ತಿ ತಂದನು. ಮಗು ಉಳಿಯಿತು. ಹರಿಗೋಲನ್ನು ದಡಕ್ಕೆ ಎಳೆಯುತ್ತ ಅವನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಖಾಕಿ ಒಂದ ಇದ್ದಿದ್ರ ನನಗ ಕಾಣ್ತಿರಲಿಲ್ರೀ, ಹೊಳೀದೂ ಅದ ಬಣ್ಣ.”

ಮೀಲಿತಾಲಂಕಾರಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ನನಗೆ ದೊರೆತಿಲ್ಲ. ನನ್ನ ಆಜ್ಞೆಯನ್ನು ಆ ಹುಡುಗ ಪಾಲಿಸಿದ್ದರೆ ಏನಾಗುತ್ತಿತ್ತೆಂಬ ಚಿಂತೆ ಮಾತ್ರ ಅನೇಕ ರಾತ್ರಿಗಳಲ್ಲಿ ನನ್ನನ್ನು ಎಚ್ಚರಿಸಿದೆ.

ಕಳೆದ ವರ್ಷ ಜಾತ್ರೆಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈ ವಿಚಾರವನ್ನು ಮತ್ತೆ ಕೆದಕಿದನು. ಅವನು ಮುರ್ಡೇಶ್ವರದಲ್ಲಿದ್ದು, ನೇತ್ರಾಣಿ ದ್ವೀಪದ ಬಳಿ ಪ್ರವಾಸಿಗಳನ್ನು ಕಡಲೊಳಗೆ ಇಳಿಸುವ ಕಾಯಕದವನು. ಮುಳುಗುವವರು ತೊಡುವ ವೆಟ್ ಸೂಟ್ ಎಂಬ ರಬ್ಬರಿನ ಉಡುಪು ಹೆಚ್ಚಾಗಿ ಕಪ್ಪು. ಅದನ್ನು ತೊಟ್ಟವನು ಮೇಲೆದ್ದು ತೇಲುತ್ತಿದ್ದರೂ ಅಲೆಗಳ ನೆರಳಿನಲ್ಲಿ ದೋಣಿಯವರಿಗೆ ಕಾಣನು. ಆದುದರಿಂದ ತಲೆಯ ಕುಲಾವಿ, ತೋಳಿನ ಪಟ್ಟಿ, ಕಾಲಿನ ಈಜುರೆಕ್ಕೆ, ಬೆನ್ನಿನ ಗಾಳಿಯ ಸಿಲಿಂಡರುಗಳನ್ನಾದರೂ ಹಳದಿ ಇಲ್ಲವೆ ಕಿತ್ತಳೆ ಬಣ್ಣದಲ್ಲಿ ಆರಿಸಬೇಕು. ಮೇಲೇಳುವ ಮುನ್ನ ಕಿತ್ತಳೆಯ ಉದ್ದನೆಯ ಗಾಳಿಚೀಲವೊಂದನ್ನು ನೀರಿನ ಮೇಲಕ್ಕೆ ಬಿಡಬೇಕು ಎಂದನು.

“ಹಾಗಾದರೆ ಕೆಂಪೇ ಮೇಲಲ್ಲವೆ?” ಎಂದೆನು. ಅವನು ನಕ್ಕನು. “ದಡದ ಮೇಲಿನ ಕೆಂಪು ಬೇರೆ, ನೀರಿನೊಳಗಿನ ಕೆಂಪು ಬೇರೆ ಗುರುಗಳೇ.” ನೀರು ಬೆಳಕಿನ ಕೆಂಪಂಶವನ್ನು ಮೊದಲು ಹೀರುತ್ತದೆ. ಐದಾರು ಮೀಟರು ಇಳಿಯುವಷ್ಟರಲ್ಲಿ ಕೆಂಪು ಮಂಕಾಗಿ, ಇನ್ನೂ ಆಳದಲ್ಲಿ ಕಪ್ಪೇ ಆಗುತ್ತದೆ. ಬಳಿಕ ಕಿತ್ತಳೆ, ಅನಂತರ ಹಳದಿ ಕಂದುತ್ತವೆ. ನೀಲಿ ಕೊನೆಯವರೆಗೆ ಉಳಿಯುತ್ತದೆ. ಇದು ತದ್ಗುಣವಲ್ಲದೆ ಮತ್ತೇನು? ಪ್ರತಿದೀಪ್ತಿಯುಳ್ಳ ಬಣ್ಣಗಳು ಮಾತ್ರ ತಮ್ಮ ಮೇಲೆ ಬಿದ್ದ ನೀಲಿ ಬೆಳಕನ್ನೇ ಹಸಿರು, ಹಳದಿ, ಕಿತ್ತಳೆಯಾಗಿ ಮರಳಿ ಸೂಸಿ ಆಳದಲ್ಲಿಯೂ ಬೆಳಗುತ್ತವೆ. ಅದು ಅತದ್ಗುಣ. ಮುಸ್ಸಂಜೆಯಲ್ಲಂತೂ ಕಣ್ಣಿನ ಸ್ವಭಾವವೇ ಬದಲಾಗಿ ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪುರ್ಕಿನ್ಯೆ ಎಂಬ ವಿಜ್ಞಾನಿ ಗುರುತಿಸಿದ್ದನು. ನಮ್ಮ ಬೆಂಗಳೂರನ್ನು ಕರ್ಮಭೂಮಿಯಾಗಿಸಿಕೊಂಡ ಸಿ. ವಿ. ರಾಮನ್ನರು 1921ರ ಕಡಲಪಯಣದಲ್ಲಿ ಸಮುದ್ರದ ನೀಲಿಯನ್ನು ಕಂಡು, ಅದು ಆಗಸದ ಪ್ರತಿಬಿಂಬವಷ್ಟೇ ಅಲ್ಲವೆಂದು ಚಿಂತಿಸಿದುದು ಕಾಣುವುದರ ಬೆಲೆಯನ್ನು ಬಲ್ಲ ಕಣ್ಣಿನಿಂದ.

ಈ ಮಾತುಗಳು ನನಗೆ ಸಕಾಲದಲ್ಲಿ ಒದಗಿದವು. ದಾನಿಗಳೊಬ್ಬರು ಪ್ರಸಾದನಿಲಯಕ್ಕೆ ಜೀವರಕ್ಷಕ ಅಂಗಿಗಳನ್ನು ಕೊಡಲು ಮುಂದೆ ಬಂದಿದ್ದರು. ಬಣ್ಣ ಯಾವುದಿರಬೇಕೆಂದು ಸಭೆ ಕೂಡಿತು. ಶಾಲೆಯ ಸಮವಸ್ತ್ರಕ್ಕೆ ಒಪ್ಪುವ ನೀಲಿಯಾಗಲಿ ಎಂದರು ಕೆಲವರು. ದಾನಿಗಳ ಹೆಸರು ಎದ್ದು ಕಾಣುವಂತೆ ಬಿಳಿಯಾಗಲಿ ಎಂದರು ಇನ್ನು ಕೆಲವರು. ಶ್ರೀಮಠದ ಕಾವಿಯಾಗಲಿ ಎಂದರು ಮತ್ತೊಬ್ಬರು. ನಾನು ಎದ್ದು ನಿಂತು ಆ ಹಳದಿ ವಸ್ತ್ರದ ಕಥೆಯನ್ನು, ಅದನ್ನು ತೆಗೆಯೆಂದು ಗದರಿದವನು ನಾನೇ ಎಂಬುದನ್ನೂ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆನು. ನೀಲಿ ತಿಳಿನೀರಿನಲ್ಲಿ ಅಡಗುತ್ತದೆ, ಬಿಳಿ ನೊರೆಯಲ್ಲಿ ಅಡಗುತ್ತದೆ, ಕಾವಿಯಾದರೋ ನಮ್ಮ ಶ್ರಾವಣದ ಹೊಳೆಯ ಸ್ವಂತ ಬಣ್ಣ ಎಂದೆನು. 2009ರ ಮಹಾಪ್ರವಾಹದಲ್ಲಿ ಈ ಹೊಳೆ ಎಷ್ಟು ಅಗಲವಾಗಬಲ್ಲುದೆಂಬುದನ್ನು ಕಂಡವರೇ ಅಲ್ಲಿ ಕುಳಿತಿದ್ದರು. ಸಭೆ ಮೌನವಾಯಿತು. ಪೂಜ್ಯರು ತಮ್ಮ ಉತ್ತರೀಯವನ್ನೊಮ್ಮೆ ನೋಡಿಕೊಂಡು, “ಕಾವಿ ಕಾಣದಿದ್ದರೂ ಚಿಂತೆಯಿಲ್ಲ, ಮಗು ಕಾಣಬೇಕು” ಎಂದು ಅಪ್ಪಣೆ ಕೊಡಿಸಿದರು. ಹೊಳೆಯುವ ಕಿತ್ತಳೆಯ ಅಂಗಿಗಳೇ ಬಂದವು. ದಾನಿಗಳು ತಮ್ಮ ಹೆಸರನ್ನು ಒಳಮಗ್ಗುಲಿಗೆ ಬರೆಯಿಸಿದರು. ಆ ಔದಾರ್ಯಕ್ಕೆ ಈ ಸಂಚಿಕೆಯ ಮೂಲಕ ನನ್ನ ಶರಣು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನೂ ಒಬ್ಬನೆಂದು ಪ್ರತಿವರ್ಷ ಪಾಠ ಹೇಳುತ್ತೇನೆ. ನಮ್ಮ ಹೊಳೆಯ ಅಂಬಿಗನು ನನ್ನ ಪಾಲಿಗೆ ಅಲಂಕಾರಶಾಸ್ತ್ರದ ಗುರುವೂ ಆದನು. ಈಗ ಮೀಲಿತವನ್ನು ಬೋಧಿಸುವ ದಿನ ಹುಡುಗರನ್ನು ದಡಕ್ಕೆ ಕರೆದೊಯ್ದು, ಒಂದು ಖಾಕಿ ಚಿಂದಿಯನ್ನೂ ಒಂದು ಕಿತ್ತಳೆ ಚಿಂದಿಯನ್ನೂ ನೀರಿಗೆ ಬಿಡಿಸಿ, ಯಾವುದು ಎಲ್ಲಿಯವರೆಗೆ ಕಾಣುವುದೆಂದು ಎಣಿಸಲು ಹೇಳುತ್ತೇನೆ. ಲಕ್ಷಣವನ್ನು ಅವರು ಮರೆತರೂ ಮರೆಯಲಿ; ಎಣಿಸಿದ್ದನ್ನು ಮರೆಯಲಾರರು.