ಅತ್ತೆಯವರ ಬಾಣಲೆ

ಸಿಹಿತಿಂಡಿಯ ವಿಷಯವಾಗಿ ಬರೆಯಲು ಕುಳಿತವಳು ಒಂದು ಸೋಲಿನ ಕಥೆಯಿಂದ ಆರಂಭಿಸುತ್ತಿರುವುದನ್ನು ಓದುಗರು ಮನ್ನಿಸಬೇಕು. ಮದುವೆಯಾದ ಮೊದಲ ದೀಪಾವಳಿ ರೂಢಿಯಂತೆ ತೌರಿನಲ್ಲಿ ಕಳೆಯಿತು. ಎರಡನೆಯ ದೀಪಾವಳಿ, ಎಂದರೆ 1979ರದು, ಅತ್ತೆಯ ಮನೆಯಲ್ಲಿ. "ಮೈಸೂರು ಪಾಕನ್ನು ನಾನೇ ಮಾಡುತ್ತೇನೆ ಅತ್ತೆ, ನೀವು ಕುಳಿತುಕೊಳ್ಳಿ" ಎಂದು ಕೊಚ್ಚಿಕೊಂಡು ಸೆರಗು ಸಿಕ್ಕಿಸಿ ನಿಂತೆ. ಎರಡು ಗಂಟೆಗಳ ತರುವಾಯ ತಟ್ಟೆಯಲ್ಲಿ ತಯಾರಾಗಿದ್ದುದು ಪಾಕವಲ್ಲ, ಚಾಮುಂಡಿ ಬೆಟ್ಟದ ಒಂದು ತುಣುಕು!

ಮೈಸೂರು ಪಾಕ್ ಮಾಡುವುದು ಹೇಳಲು ಬಲು ಸುಲಭ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಇಷ್ಟೇ ಸಾಮಾನು. ಸಕ್ಕರೆ ಒಂದೆಳೆಯ ಪಾಕಕ್ಕೆ ಬಂದಾಗ ಜರಡಿ ಹಿಡಿದ ಹಿಟ್ಟನ್ನು ಉದುರಿಸಬೇಕು; ಬಿಸಿಬಿಸಿ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯುತ್ತ ಕೈಬಿಡದೆ ತಿರುವಬೇಕು. ಕಾದ ತುಪ್ಪ ಬಿದ್ದೊಡನೆ ಹಿಟ್ಟು ನೊರೆನೊರೆಯಾಗಿ ಉಬ್ಬುತ್ತದೆ. ಆ ನೊರೆಯೇ ಆರಿದ ಮೇಲೆ ಜೇನುಗೂಡಿನಂಥ ಸಣ್ಣ ಸಣ್ಣ ರಂಧ್ರಗಳಾಗಿ ನಿಲ್ಲುತ್ತದೆ. ಆದರೆ ಒಲೆಯಿಂದ ಇಳಿಸುವ ಗಳಿಗೆ ಒಂದು ನಿಮಿಷ ಹಿಂದಾದರೆ ಮುದ್ದೆ, ಒಂದು ನಿಮಿಷ ಮುಂದಾದರೆ ಕಲ್ಲು. ಆ ಒಂದು ನಿಮಿಷದಲ್ಲಿ ನಾನು ಪಕ್ಕದ ಮನೆಯಾಕೆಯ ಹೊಸ ಸೀರೆಯ ಅಂಚನ್ನು ಕಿಟಕಿಯಿಂದ ನೋಡುತ್ತಿದ್ದೆನೆಂಬುದನ್ನು ಈಗ ಒಪ್ಪಿಕೊಂಡರೆ ನಷ್ಟವೇನಿಲ್ಲ.

ಮೈದುನ ಒಂದು ತುಂಡನ್ನು ಎತ್ತಿ ಮೇಜಿನ ಮೇಲೆ ಕುಟ್ಟಿ, "ಅತ್ತಿಗೆ, ಇದನ್ನು ಇಟ್ಟಿರಿ. ಮುಂದೆ ಮನೆ ಕಟ್ಟಿಸುವಾಗ ಬುನಾದಿಗೆ ಬರುತ್ತದೆ" ಎಂದ. ಎಲ್ಲರೂ ನಕ್ಕರು. ನನ್ನ ಕಣ್ಣಲ್ಲಿ ನೀರು ತುಂಬಿತು. ಅತ್ತೆಯವರು ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಆ ಕಲ್ಲನ್ನು ಒರಳಿಗೆ ಹಾಕಿ ಪುಡಿ ಮಾಡಿದರು. ತಮ್ಮ ಕಲಾಯಿ ಹಾಕಿದ ಹಿತ್ತಾಳೆಯ ಬಾಣಲೆಯಲ್ಲಿ ಆ ಪುಡಿಗೆ ಒಂದು ಲೋಟ ಹಾಲು, ಒಂದು ಹಿಡಿ ಕಾಯಿತುರಿ ಸೇರಿಸಿ, ಸಣ್ಣ ಉರಿಯಲ್ಲಿ ತಿರುವಿ ತಿರುವಿ ತಟ್ಟೆಗೆ ಸುರಿದರು. ಸಂಜೆ ಬಂದ ನೆಂಟರು ತಿಂದು, "ಏನು ತಿಂಡಿ ಇದು? ಬಾಯಲ್ಲಿ ಕರಗುತ್ತದಲ್ಲ!" ಎಂದು ಬೆರಗಾದಾಗ ಅತ್ತೆಯವರು, "ನಮ್ಮ ಸೊಸೆ ಮಾಡಿದ್ದು" ಎಂದರು. ಅಷ್ಟೇ. ಅಂದಿನಿಂದ ಆಕೆ ನನಗೆ ಅತ್ತೆ ಮಾತ್ರವಾಗಿ ಉಳಿಯಲಿಲ್ಲ.

ಹೆಚ್ಚು ಕಡಿಮೆ ಅದೇ ತಿಂಡಿಯನ್ನು ಜನ 'ಸೆವೆನ್ ಕಪ್' ಎಂದು ಕರೆಯುತ್ತಾರೆಂಬುದು ಆಮೇಲೆ ತಿಳಿಯಿತು. ಕಡಲೆಹಿಟ್ಟು, ಕಾಯಿತುರಿ, ಹಾಲು, ತುಪ್ಪ ಒಂದೊಂದು ಲೋಟ, ಸಕ್ಕರೆ ಮೂರು ಲೋಟ, ಒಟ್ಟು ಏಳು. ಪಾಕದ ಎಳೆ ನೋಡುವ ಗೋಜಿಲ್ಲ, ಜರಡಿಯ ಗೋಜಿಲ್ಲ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಹಾಕಿ, ತಳ ಬಿಡುವವರೆಗೆ ತಿರುವಿದರಾಯಿತು. ಮೈಸೂರು ಪಾಕನ್ನು ಕಂಡರೆ ಹೆದರುವ ಹೆಣ್ಣುಮಕ್ಕಳಿಗಾಗಿ ಯಾವ ತಾಯಿ ಇದನ್ನು ಕಂಡುಹಿಡಿದಳೋ, ಅವಳ ಹೊಟ್ಟೆ ತಣ್ಣಗಿರಲಿ.

ಶಾಸ್ತ್ರೋಕ್ತವಾದ ತಿಂಡಿಗೆ ಹೀಗೆ ಹೊಸ ವೇಷ ಹಾಕಿದರೆ ಮೂಗು ಮುರಿಯುವವರುಂಟು. ಆದರೆ ಶಾಸ್ತ್ರವೆಂಬುದೂ ಒಂದು ಕಾಲದಲ್ಲಿ ಹೊಸತೇ ಆಗಿತ್ತಲ್ಲವೇ? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗರಾದ ಕಾಕಾಸುರ ಮಾದಪ್ಪನವರು ಮಹಾರಾಜರ ಊಟಕ್ಕೆಂದು ಹೊಸದೊಂದು ಸಿಹಿ ಮಾಡಿದರಂತೆ. ಹೆಸರೇನೆಂದು ಕೇಳಿದಾಗ ಥಟ್ಟನೆ 'ಮೈಸೂರು ಪಾಕ' ಎಂದುಬಿಟ್ಟರಂತೆ. ಇದು ಮೈಸೂರಿನಲ್ಲಿ ಎಲ್ಲರೂ ಹೇಳುವ ಕಥೆ. ನಾವು ಮದುವೆಯ ಮನೆಯಲ್ಲಿ ಚಪ್ಪರಿಸುವ ಅನಾನಸ್ ಕೇಸರಿಬಾತಿನ ಕಥೆಯೂ ಅಷ್ಟೇ. ಅನಾನಸ್ ದಕ್ಷಿಣ ಅಮೆರಿಕದ ಹಣ್ಣು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. ಅದರ ಮೇಲೆ ತುಪ್ಪದಲ್ಲಿ ಹುರಿದು ಉದುರಿಸುವ ಗೋಡಂಬಿಯೂ ಅವರ ಹಡಗಿನಲ್ಲಿಯೇ ಬ್ರೆಜಿಲಿನ ಕಡೆಯಿಂದ ಬಂದುದು. ಆ ಹಣ್ಣನ್ನು ಮೊದಲ ಬಾರಿ ರವೆಯೊಂದಿಗೆ ಬೇಯಿಸಿದ ಗೃಹಿಣಿಗೂ ಯಾರೋ ಒಬ್ಬ ಅಜ್ಜಿ, "ಇದೇನು ಅನಾಚಾರ!" ಎಂದು ಗದರಿಸಿಯೇ ಇರಬೇಕು.

ನಮ್ಮ ಅತ್ತೆಯವರು ಗದರಿಸುವ ಅಜ್ಜಿಯಾಗಿರಲಿಲ್ಲ. ಮಕ್ಕಳು ಬೆಳೆಯುತ್ತಿದ್ದ ಕಾಲದಲ್ಲಿ ನಾನು ಉಳಿದ ಬ್ರೆಡ್ಡನ್ನು ತುಪ್ಪದಲ್ಲಿ ಹುರಿದು ಹಲ್ವ ಮಾಡಿದೆ. ಹೋಳಿಗೆಯ ಹೂರಣಕ್ಕೆ ಗಜ್ಜರಿಯನ್ನು ತುರಿದು ಬೆರೆಸಿದೆ. ಆಕೆ ಎಲ್ಲವನ್ನೂ ರುಚಿ ನೋಡಿ ಒಂದೇ ಮಾತು ಹೇಳುತ್ತಿದ್ದರು: "ಹೆಸರು ಏನಾದರೂ ಇಡು ತಾಯಿ, ತುಪ್ಪಕ್ಕೆ ಮೋಸ ಮಾಡಬೇಡ."

2006ರಲ್ಲಿ ಅತ್ತೆಯವರು ತೀರಿಕೊಂಡರು. ಮೂರು ವರ್ಷಗಳ ಮೇಲೆ ನಮ್ಮವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರು ಹೇಳಿದರು. ಅಂದೇ ನಾನು ಸಕ್ಕರೆಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬೆಲ್ಲ ತಂದೆ. ಪಾಯಸಕ್ಕೆ ಬೆಲ್ಲ, ಕಾಫಿಗೆ ಬೆಲ್ಲ, ಉಂಡೆಗೆ ಖರ್ಜೂರ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ. ಆರು ತಿಂಗಳಾದರೂ ರಕ್ತಪರೀಕ್ಷೆಯ ಅಂಕಿ ಇಳಿಯದಿದ್ದಾಗ ವೈದ್ಯರು ಊಟದ ವಿವರವನ್ನೆಲ್ಲ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಬೆಲ್ಲವೂ ಸಕ್ಕರೆಯೇ ತಾಯಿ. ಕಬ್ಬು ಒಂದೇ, ಬಣ್ಣ ಮಾತ್ರ ಬೇರೆ. ಖರ್ಜೂರದ ಸಿಹಿಯೂ ರಕ್ತಕ್ಕೇ ಸೇರುತ್ತದೆ." ಬೆಲ್ಲವಾದರೆ ಬಾಧಕವಿಲ್ಲವೆಂದು ನಂಬಿರುವ ಸೋದರಿಯರು ಇಂದಿಗೂ ಅನೇಕರಿದ್ದಾರೆ, ಅವರಿಗಾಗಿ ಇದನ್ನು ಬರೆದಿದ್ದೇನೆ.

ಆಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಮನೆಯಲ್ಲಿ ಸಿಹಿಯೆಂಬುದೇ ನಿಂತಿತು. ಬಾಣಲೆ ಅಟ್ಟ ಸೇರಿತು. ದೀಪಾವಳಿಯಂದು ದೇವರಿಗೆ ಒಂದು ಬಾಳೆಹಣ್ಣು, ಅಷ್ಟೇ. ನಮ್ಮವರು ಏನೂ ಅನ್ನಲಿಲ್ಲ. ಮೊದಲೇ ಮಿತಭಾಷಿಗಳು, ಹಬ್ಬದ ದಿನ ಇನ್ನಷ್ಟು ಮೌನಿಗಳಾದರು.

2018ರಲ್ಲಿ ಮಗನ ಮದುವೆಯಾಗಿ ಸೊಸೆ ಬಂದಳು. ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ, ಚುರುಕು. ಆ ವರ್ಷದ ದೀಪಾವಳಿಗೆ ಮೊದಲು ಒಂದು ಭಾನುವಾರ ಅಟ್ಟ ಹತ್ತಿ ಬಾಣಲೆಯನ್ನು ಇಳಿಸಿದಳು. ಮುಂದಿನ ವಾರ ಪೇಟೆಯಲ್ಲೆಲ್ಲ ಅಲೆದು ಅದಕ್ಕೆ ಕಲಾಯಿ ಹಾಕಿಸಿಕೊಂಡು ಬಂದಳು. ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಸಂತೋಷಪಡಬೇಕಾದವಳು ನಾನು ಸಿಡಿದುಬಿದ್ದೆ. "ಯಾರನ್ನು ಕೇಳಿ ಅದನ್ನು ಮುಟ್ಟಿದೆ? ನಿನ್ನ ಮಾವನವರಿಗೆ ನಿನ್ನ ಕೈಯಾರೆ ವಿಷ ಹಾಕುತ್ತೀಯಾ?"

ಆ ಮಾತು ಬಾಯಿಂದ ಹೊರಬಿದ್ದೊಡನೆ ನನಗೇ ಎದೆ ಧಸಕ್ಕೆಂದಿತು. ಸೊಸೆ ಬಿಳಿಚಿಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ, ಮಡಿಸಿದ ಒಂದು ಕಾಗದವನ್ನು ತಂದು ನನ್ನ ಕೈಗಿತ್ತಳು. ತುಪ್ಪದ ಜಿಡ್ಡು ಹತ್ತಿದ ಕಾಗದ. "ಒಗೆಯಲು ಹಾಕಿದ ಮಾವನವರ ಅಂಗಿಯ ಜೇಬಿನಲ್ಲಿತ್ತು ಅತ್ತೆ. ಇದು ಮೂರನೆಯ ಸಲ. ಸಂಜೆ ವಾಯುಸೇವನೆಗೆಂದು ಹೋದಾಗ ತಿಂದು ಬರುತ್ತಾರೆಂದು ಕಾಣುತ್ತದೆ. ಹೊರಗೆ ಒಬ್ಬರೇ ನಿಂತು, ಕದ್ದು, ಗಬಗಬನೆ ತಿನ್ನುವುದಕ್ಕಿಂತ, ಮನೆಯಲ್ಲಿ ಎಲ್ಲರೊಂದಿಗೆ ಕುಳಿತು, ಅಳೆದು ತಿನ್ನುವುದು ಮೇಲಲ್ಲವೇ?"

ನನಗೆ ಉತ್ತರ ತೋಚಲಿಲ್ಲ. ಎಪ್ಪತ್ತರ ಹತ್ತಿರ ಬಂದ ಮನುಷ್ಯ ಶಾಲೆಯ ಹುಡುಗನಂತೆ ಬೀದಿಯ ಮೂಲೆಯಲ್ಲಿ ನಿಂತು ತಿಂಡಿ ತಿನ್ನುವ ಚಿತ್ರ ಕಣ್ಣಿಗೆ ಕಟ್ಟಿತು. ಅವರ ಆರೋಗ್ಯವನ್ನು ಕಾಯುತ್ತಿದ್ದೇನೆಂದು ನಾನು ತಿಳಿದಿದ್ದೆ. ಕಾಯುತ್ತಿದ್ದುದು ಸಕ್ಕರೆಯ ಡಬ್ಬಿಯನ್ನು ಮಾತ್ರ.

ಮರುದಿನವೇ ನಾವಿಬ್ಬರೂ ಕೂಡಿ ವೈದ್ಯರಲ್ಲಿಗೆ ಹೋದೆವು. ಅವರು ನಮ್ಮವರ ಪರೀಕ್ಷೆಯ ಅಂಕಿಗಳನ್ನು ನೋಡಿ, ಹಬ್ಬದ ದಿನ ಊಟದ ಜೊತೆಯಲ್ಲಿ ಒಂದು ಸಣ್ಣ ತುಂಡು ಆಗಬಹುದು, ಅದಕ್ಕೆ ಸರಿಯಾಗಿ ಅನ್ನವನ್ನು ಕಡಿಮೆ ಮಾಡಬೇಕು, ಔಷಧಿ ತಪ್ಪಬಾರದು ಎಂದರು. ಇದು ಅವರಿಗೆ ಹೇಳಿದ ಮಾತು. ನಿಮ್ಮ ಮನೆಯವರ ವಿಷಯವನ್ನು ನಿಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಸೊಸೆಯ ತಿಂಡಿಯ ವಿವರವನ್ನು ಈಗ ಹೇಳುತ್ತೇನೆ. ಅವಳು ಮೂರು ಲೋಟ ಸಕ್ಕರೆಯನ್ನು ಎರಡಕ್ಕೆ ಇಳಿಸಿದಳು. "ಹಾಗಾದರೆ ಆರೇ ಲೋಟವಾಯಿತಲ್ಲ!" ಎಂದು ನಾನು ಆಕ್ಷೇಪಿಸಿದೆ. "ಅಜ್ಜಿಯವರ ಲೆಕ್ಕ ತಪ್ಪಬಾರದು" ಎಂದು ಅವಳು ಒಂದು ಲೋಟ ಬಾದಾಮಿಯ ಪುಡಿಯನ್ನು ಸೇರಿಸಿ ಏಳನ್ನು ತುಂಬಿಸಿದಳು. ಹಿಟ್ಟನ್ನು ಎರಡು ಚಮಚ ತುಪ್ಪದಲ್ಲಿ ಹಸಿವಾಸನೆ ಹೋಗುವವರೆಗೆ ಹುರಿದು, ಹಾಲು ಹಾಕಿ ಗಂಟಿಲ್ಲದಂತೆ ಕಲಸಿ, ಕಾಯಿತುರಿ, ಬಾದಾಮಿ ಪುಡಿ, ಸಕ್ಕರೆ ಬೆರೆಸಿ, ಉಳಿದ ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತ ಸಣ್ಣ ಉರಿಯಲ್ಲಿ ತಿರುವಬೇಕು. ಬಾಣಲೆಯ ಅಂಚು ಬಿಟ್ಟು ನೊರೆ ಕಾಣಿಸಿದಾಗ ಏಲಕ್ಕಿ ಪುಡಿ ಉದುರಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬೆಚ್ಚಗಿರುವಾಗಲೇ ಕತ್ತರಿಸಬೇಕು. ನಿಜವಾದ ಹೊಸತನವಿದ್ದುದು ಕತ್ತರಿಸುವುದರಲ್ಲಿ! ಅಂಗೈ ಅಗಲದ ತುಂಡುಗಳನ್ನು ಕಂಡಿದ್ದ ಮನೆಯಲ್ಲಿ ಅವಳು ಹೆಬ್ಬೆರಳಿನ ಉಗುರಿನಷ್ಟು ಅಗಲದ ತುಂಡುಗಳನ್ನು ಮಾಡಿದಳು.

ಇನ್ನೊಂದು ತಿಂಡಿ ಮಕ್ಕಳಿಗೆ. ನಮ್ಮ ಹಳೆಯ ಬಾಳೆಹಣ್ಣಿನ ರಸಾಯನವೇ, ಒಲೆಯೇ ಬೇಡ. ಎಂಟು ಏಲಕ್ಕಿ ಬಾಳೆಹಣ್ಣನ್ನು ಬಿಲ್ಲೆ ಮಾಡಿ, ಅರ್ಧ ತೆಂಗಿನಕಾಯಿಯ ಗಟ್ಟಿ ಹಾಲು, ಕಾಲು ಲೋಟ ಪುಡಿಬೆಲ್ಲ, ಚಿಟಿಕೆ ಏಲಕ್ಕಿ ಸೇರಿಸಿ, ನೀರಿನಲ್ಲಿ ನೆನೆದು ಉಬ್ಬಿದ ಒಂದು ಚಮಚ ಕಾಮಕಸ್ತೂರಿ ಬೀಜವನ್ನು ಬೆರೆಸಿ ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು, ಗಾಜಿನ ಲೋಟದಲ್ಲಿ ಕೊಟ್ಟಳು. ಐಸ್‌ಕ್ರೀಮಿಗೆ ಹಠ ಮಾಡುತ್ತಿದ್ದ ಪಕ್ಕದ ಮನೆಯ ಮಗು ಎರಡನೆಯ ಲೋಟ ಕೇಳಿತು.

ದೀಪಾವಳಿಯ ದಿನ ಎಲೆಯ ಮುಂದೆ ನಮ್ಮವರು ಕುಳಿತರು. ಅನ್ನ ಎಂದಿಗಿಂತ ಕಡಿಮೆ. ಎಲೆಯ ತುದಿಯಲ್ಲಿ ಒಂದು ಚಿಕ್ಕ ತುಂಡು. ಒಮ್ಮೆ ತುಂಡನ್ನೂ ಒಮ್ಮೆ ನನ್ನನ್ನೂ ನೋಡಿದರು. "ತಿನ್ನಿ, ವೈದ್ಯರನ್ನು ಕೇಳಿದ್ದೇವೆ" ಎಂದೆ. ಅದನ್ನು ಬಾಯಿಗಿಟ್ಟುಕೊಂಡು, ಅಗಿಯದೆ, ಕರಗಲು ಬಿಟ್ಟು, ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತಿದ್ದರು. ಆಮೇಲೆ, "ಬಾದಾಮಿ ಅಮ್ಮ ಹಾಕುತ್ತಿರಲಿಲ್ಲ" ಎಂದರು. ಮತ್ತೆ ಸ್ವಲ್ಪ ತಡೆದು, "ಆದರೆ ತುಪ್ಪ ಅಮ್ಮನದೇ" ಎಂದರು. ಮೈಮರೆತು ನಾನು ಇನ್ನೊಂದು ತುಂಡು ಬಡಿಸಲು ಹೋದಾಗ ಎಲೆಗೆ ಕೈ ಅಡ್ಡ ಹಿಡಿದವರು ಅವರೇ.

ಆ ಮೇಲೆ ಅಂಗಿಯ ಜೇಬಿನಲ್ಲಿ ಜಿಡ್ಡಿನ ಕಾಗದ ನನಗೆ ಸಿಕ್ಕಿಲ್ಲ. ಹುಡುಕುವುದನ್ನೇ ನಾನು ಬಿಟ್ಟಿದ್ದೇನೆಂಬುದೂ ನಿಜ.

ಅಂದು ಸಂಜೆ ನೆರೆಯವರು ಬಂದು, "ಯಾರು ಮಾಡಿದ್ದು ಇದು?" ಎಂದು ಕೇಳಿದರು. ಸೊಸೆ ನನ್ನ ಮುಖ ನೋಡಿದಳು. ಹಿಂದಿನ ವಾರ ನಾನು ಆಡಿದ ಮಾತಿಗೆ ಅಲ್ಲಿಯವರೆಗೂ ಕ್ಷಮೆ ಕೇಳಿರಲಿಲ್ಲ. ಕೇಳುವ ಬಗೆಯೂ ತಿಳಿದಿರಲಿಲ್ಲ. ಮೂವತ್ತೊಂಬತ್ತು ವರ್ಷಗಳ ಹಿಂದೆ ಕೇಳಿದ ಮಾತು ತಾನಾಗಿ ನಾಲಗೆಗೆ ಬಂತು.

"ನಮ್ಮ ಸೊಸೆ ಮಾಡಿದ್ದು" ಎಂದೆ.

ಬಾಣಲೆ ಈಗ ಅಟ್ಟದಲ್ಲಿಲ್ಲ. ಅಡಿಗೆಮನೆಯ ಗೂಟದಲ್ಲಿಯೇ ಇದೆ.